ಪೆಟ್ಟಿಗೆ ಮುಚ್ಚಿದ್ದು ಯಾವ ತಿಂಗಳಲ್ಲಿ?

ವಿಜಯಪುರದ ಹಳೆಯ ಮನೆಗಳಲ್ಲಿ ಉಳಿದುಕೊಂಡಿರುವ ಸಾಗವಾನಿ ಸಂದೂಕಗಳ ಮುಚ್ಚಳ ನೋಡಿದರೆ ಎರಡು ಬಗೆಯ ಗುರುತು ಕಾಣುತ್ತವೆ. ಕೆಲವದರಲ್ಲಿ ಹಲಗೆ ಹಲಗೆಗಳ ನಡುವೆ ನಾಣ್ಯ ತೂರುವಷ್ಟು ಸಂದು ಬಿದ್ದಿದೆ, ಆದರೆ ಹಲಗೆ ಮಾತ್ರ ಇಡಿಯಾಗಿದೆ. ಇನ್ನು ಕೆಲವದರಲ್ಲಿ ಸಂದು ಇವತ್ತಿಗೂ ಬಿಗಿಯಾಗಿದ್ದು, ಹಲಗೆಯೇ ಮೊಳೆಯ ಮಗ್ಗುಲಿನಿಂದ ಉದ್ದಕ್ಕೂ ಸೀಳಿದೆ. ಕಟ್ಟಿಗೆ ಅದೇ, ಊರೂ ಅದೇ. ಬೇರೆಯಾಗಿದ್ದು ಮಾಡಿದವನ ತೀರ್ಮಾನ. ಇಡೀ ಕಟ್ಟಿಗೆಯ ಪೆಟ್ಟಿಗೆ ಮಾಡುವಾಗ ಹಲಗೆಗೆ ಅಲುಗಾಡಲು ಜಾಗ ಬಿಡಬೇಕೆ, ಅಲುಗಾಡದಂತೆ ಬಿಗಿಯಬೇಕೆ, ಅಥವಾ ಅಲುಗಾಟವೇ ಇಲ್ಲದಷ್ಟು ಮೊದಲೇ ಒಣಗಿಸಬೇಕೆ ಎಂಬ ವಾದ ಬಡಿಗೇರ ಕಸುಬಿನಷ್ಟೇ ಹಳೆಯದು. ವಿಜಯಪುರ, ಟಿಕೋಟಾ, ಬಬಲೇಶ್ವರದ ಒಣ ಸೀಮೆಯಲ್ಲಿ ಇದು ಬರೀ ವಾದವಾಗಿ ಉಳಿಯುವುದಿಲ್ಲ. ಒಂದೇ ಬ್ಯಾಸಗಿಯಲ್ಲಿ ಯಾರ ಮಾತು ನಿಂತಿತು ಎಂದು ಗೊತ್ತಾಗಿಬಿಡುತ್ತದೆ.

ಗಾಳಿಯ ಜೊತೆ ಹಲಗೆಯ ವ್ಯವಹಾರ

ಟಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಸಿ ದ್ರಾಕ್ಷಿಯನ್ನು ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಬೆಂಕಿ ಬೇಡ, ನೇರ ಬಿಸಿಲೂ ಬೇಡ. ನೆರಳಿನಲ್ಲಿ ಹಾಯುವ ಗಾಳಿಯೊಂದೇ ಎರಡು ವಾರದ ಆಜೂಬಾಜು ಅದನ್ನು ಒಣದ್ರಾಕ್ಷಿ ಮಾಡುತ್ತದೆ. ಅದೇ ಗಾಳಿ ಅದೇ ದಿನಗಳಲ್ಲಿ ಮನೆಯೊಳಗಿನ ಪ್ರತಿ ಕಪಾಟು, ಬಾಗಿಲು, ಪೆಟ್ಟಿಗೆಯಿಂದಲೂ ನೀರು ಹೀರುತ್ತಿರುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಇಲ್ಲಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 25ರ ಸುತ್ತ ಇರುತ್ತದೆ. ಆಗಸ್ಟ್ ಮುಂಜಾನೆಯಲ್ಲಿ ಅದು ಶೇ 80ಕ್ಕೆ ಏರುತ್ತದೆ.

ಕಟ್ಟಿಗೆಯ ಜೀವಕೋಶಗಳ ಗೋಡೆ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹಿಡಿಯುತ್ತದೆ, ಬಿಡುತ್ತದೆ. ಹಸಿ ಮರದಲ್ಲಿ ಎಷ್ಟೇ ನೀರಿರಲಿ, ತೇವಾಂಶ ಸುಮಾರು ಶೇ 28ರಿಂದ 30ಕ್ಕೆ ಇಳಿಯುವವರೆಗೆ ಅದರ ಅಳತೆ ಬದಲಾಗುವುದಿಲ್ಲ. ಕುಗ್ಗುವುದು ಅಲ್ಲಿಂದ ಕೆಳಗೆ. ಈ ಗಡಿಯನ್ನು 1906ರಲ್ಲಿ ಅಮೆರಿಕದ ಹ್ಯಾರಿ ಟೀಮನ್ ಗುರುತಿಸಿ ಹೆಸರಿಟ್ಟ. ಕುಗ್ಗುವಿಕೆ ಮೂರು ದಿಕ್ಕಿಗೂ ಒಂದೇ ಅಲ್ಲ ಎಂಬುದೇ ಪೆಟ್ಟಿಗೆ ಮಾಡುವವನ ನಿಜವಾದ ತಲೆನೋವು. ಹಸಿಯಿಂದ ಪೂರ್ತಿ ಒಣಗುವವರೆಗೆ ಸಾಗವಾನಿ ಉಂಗುರಗಳ ಗುಂಟ ಸುಮಾರು ಶೇ 5.8, ತಿರುಳಿನಿಂದ ತೊಗಟೆಯ ಕಡೆಗೆ ಶೇ 2.5 ಕುಗ್ಗುತ್ತದೆ. ನಾರಿನ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರದಷ್ಟು. ಇದು ತೀರಾ ಸಭ್ಯ ಮರ ಎನಿಸಿಕೊಂಡ ಸಾಗವಾನಿಯ ಮಾತು, ಉಳಿದ ಮರಗಳ ಹಟ ಇನ್ನೂ ಜಾಸ್ತಿ.

ಅಂಕಿಯನ್ನು ಹಲಗೆಗೆ ಇಳಿಸಿ ನೋಡೋಣ. ಹದಿನೆಂಟು ಇಂಚು ಅಗಲದ ಸಾಗವಾನಿ ಮುಚ್ಚಳ. ಮಳೆಗಾಲಕ್ಕೂ ಬ್ಯಾಸಗಿಗೂ ನಡುವೆ ಕಟ್ಟಿಗೆಯ ತೇವಾಂಶ ಶೇ 12ರಿಂದ 6ಕ್ಕೆ ಇಳಿಯಿತು ಎಂದುಕೊಳ್ಳಿ. ದಿಮ್ಮಿಯನ್ನು ಅಡ್ಡಡ್ಡ ಪದರವಾಗಿ ಕೊಯ್ದ ಹಲಗೆಯಾದರೆ ಅಗಲದಲ್ಲಿ ಸುಮಾರು 5 ಮಿ.ಮೀ. ಹೋಗುತ್ತದೆ. ಬಡಿಗೇರ ಲೆಕ್ಕದಲ್ಲಿ ಒಂದೂವರೆ ಸೂತಕ್ಕಿಂತ ಸ್ವಲ್ಪ ಮೇಲೆ. ತಿರುಳಿನ ಕಡೆ ಮುಖ ಮಾಡಿ, ಉಂಗುರಗಳು ಹಲಗೆಯ ದಪ್ಪದಲ್ಲಿ ನೆಟ್ಟಗೆ ನಿಲ್ಲುವಂತೆ ಕೊಯ್ದ ಹಲಗೆಯಾದರೆ ಮೂರು ಮಿ.ಮೀ. ಒಳಗೇ ಮುಗಿಯುತ್ತದೆ. ಪೆಟ್ಟಿಗೆಯ ಉದ್ದ ಮಾತ್ರ ಇದ್ದಲ್ಲೇ ಇರುತ್ತದೆ.

ಹೀಗಾಗಿ ಪೆಟ್ಟಿಗೆಯ ನಾಲ್ಕು ಗೋಡೆಗಳು ಜಗಳವಾಡುವುದಿಲ್ಲ. ನಾರು ಸುತ್ತಲೂ ಅಡ್ಡಲಾಗಿ ಹರಿಯುವಂತೆ ಜೋಡಿಸಿದ್ದರೆ ನಾಲ್ಕೂ ಒಟ್ಟಿಗೆ ಎತ್ತರದಲ್ಲಿ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಮೂಲೆಯ ಡವ್‌ಟೇಲ್ ಕೂಡಿಗೆ ಏನೂ ಆಗುವುದಿಲ್ಲ. ಜಗಳವೆಲ್ಲ ತಳ ಮತ್ತು ಮುಚ್ಚಳದ್ದು. ಅವು ಅಗಲಕ್ಕೆ ಬದಲಾಗುತ್ತವೆ, ಅವುಗಳನ್ನು ಹಿಡಿದ ಗೋಡೆ ಆ ದಿಕ್ಕಿನಲ್ಲಿ ಬದಲಾಗುವುದಿಲ್ಲ. ಬಬಲೇಶ್ವರದ ಎರೆ ಹೊಲ ಮಳೆಗೆ ಉಬ್ಬಿ ಚೈತ್ರಕ್ಕೆ ಬಾಯಿ ಬಿಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲಕ್ಕೆ ಬಿರುಕು ಬಿಡಲು ಯಾರ ಅಪ್ಪಣೆಯೂ ಬೇಡ, ಮೊಳೆ ಬಡಿಸಿಕೊಂಡ ಹಲಗೆಗೆ ಬೇಕು.

ವಾದದ ಹಿಂದಣ ಕಥೆ

ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮೂರ್ತಿಗೆ ಮರ ತರಲು ಕಾಡಿಗೆ ಹೋಗುವ ವಿಧಿಯೇ ಒಂದು ಅಧ್ಯಾಯ. ಅಲ್ಲಿಯ ಚಿಂತೆ ಯಾವ ಮರ ಒಳ್ಳೆಯದು, ಯಾವುದು ನಿಷಿದ್ಧ ಎಂಬುದು. ಕೃಷ್ಣಪಕ್ಷದಲ್ಲೇ ಕಡಿಯಬೇಕೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹುಳ ಹಿಡಿಯುವ ವಿಚಾರದಲ್ಲಿ ಅದಕ್ಕೆ ಏನಾದರೂ ಆಧಾರ ಇದ್ದೀತು. ಆದರೆ ಒಣಗಿ ಮನೆ ಸೇರಿದ ಹಲಗೆ ಆಷಾಢದಲ್ಲಿ ಹಿಗ್ಗುವುದನ್ನು ಯಾವ ಅಮಾವಾಸ್ಯೆಯೂ ತಡೆಯಲಾರದು.

ಈ ಬಯಲುಸೀಮೆಗೆ ಸಾಗವಾನಿ ಎಂದೂ ಹೊರಗಿನದೇ. ಹದಿನೇಳನೆಯ ಶತಮಾನದ ಅಸಾರ್ ಮಹಲಿನ ಮುಂಭಾಗದ ಭಾರಿ ಮರದ ಕಂಬಗಳನ್ನು ನೋಡಿದರೆ ಆದಿಲ್‌ಶಾಹಿಗಳು ಎಷ್ಟು ದೂರದಿಂದ ದಿಮ್ಮಿ ತರಿಸಿರಬೇಕು ಎಂದು ಅನಿಸುತ್ತದೆ. ಇತ್ತೀಚಿನವರೆಗೆ ಒಳ್ಳೆಯ ಸಾಗವಾನಿ ಎಂದರೆ ದಾಂಡೇಲಿ, ಹಳಿಯಾಳದ ಕಡೆಯದು. ತೇವದ ಕಾಡಿನಿಂದ ಒಣ ಸೀಮೆಗೆ ಮರ ಬರುವ ಈ ದಾರಿಯೇ ಅರ್ಧ ಸಮಸ್ಯೆ. ಅಲ್ಲಿಯ ಡಿಪೋದಲ್ಲಿ ‘ಒಣಗಿದೆ’ ಎನಿಸಿಕೊಂಡು ಶೇ 14ಕ್ಕೆ ನಿಂತ ಹಲಗೆ ಇಲ್ಲಿಯ ಏಪ್ರಿಲ್ ಗಾಳಿಗೆ ಇನ್ನೂ ಹಸಿಯೇ.

ಯುರೋಪಿನಲ್ಲಿ ಹದಿನೈದನೆಯ ಶತಮಾನದ ಹೊತ್ತಿಗೆ ಚೌಕಟ್ಟಿನ ತೋಡಿನಲ್ಲಿ ಹಲಗೆಯನ್ನು ಸಡಿಲವಾಗಿ ಕೂಡಿಸುವ ಪದ್ಧತಿ ಬಡಿಗತನದ ಬೆನ್ನೆಲುಬಾಯಿತು. ಹಲಗೆ ಹಿಗ್ಗಿದರೆ ತೋಡಿನೊಳಗೆ ಸರಿಯುತ್ತದೆ, ಕುಗ್ಗಿದರೆ ಹೊರಗೆ ಬರುತ್ತದೆ, ಚೌಕಟ್ಟಿನ ಅಳತೆ ಕದಲುವುದಿಲ್ಲ. ಕಸುಬಿನ ಈ ಜಾಣತನ ವಿಜ್ಞಾನದ ಅಂಕಿಗಳಾಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆ 1906ರದು, ಅಮೆರಿಕದ ಮ್ಯಾಡಿಸನ್ ಪ್ರಯೋಗಾಲಯ 1910ರದು. ಬೆಂಗಳೂರಿನಲ್ಲಿ 1938ರಲ್ಲಿ ಶುರುವಾದ ಪ್ರಯೋಗಾಲಯವೇ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಯಾವ ಕೆಲಸಕ್ಕೆ ಕಟ್ಟಿಗೆಯಲ್ಲಿ ಎಷ್ಟು ತೇವ ಇರಬಹುದು ಎಂದು ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ತೇವದ ಆಧಾರದ ಮೇಲೆ ನಾಲ್ಕು ವಲಯವಾಗಿ ಹಂಚಿ ಹೇಳುತ್ತದೆ. ವಲಯ ಗೊತ್ತುಮಾಡುವುದು ವರ್ಷದ ಸರಾಸರಿಯಿಂದ. ವಿಜಯಪುರದಂಥ ಊರಿಗೆ ನನ್ನ ತಕರಾರು ಇರುವುದೇ ಇಲ್ಲಿ. ಶೇ 25 ಮತ್ತು ಶೇ 80ರ ಸರಾಸರಿ ತೆಗೆದರೆ ಹದವಾದ ಊರು ಎಂದು ಕಾಣುತ್ತದೆ. ಪೆಟ್ಟಿಗೆ ಸೀಳುವುದು ಸರಾಸರಿಗಲ್ಲ, ಏರಿಳಿತಕ್ಕೆ.

‘ಒಣಗಿದ ಕಟ್ಟಿಗಿ ಅಳ್ಳಾಡಂಗಿಲ್ಲ’

ಮೊದಲ ಪಂಗಡ ಅತ್ಯಂತ ದೊಡ್ಡದು, ಊರ ಹಿರಿಯರ ಬೆಂಬಲವೂ ಅದಕ್ಕೇ. ಕಟ್ಟಿಗೆ ಪಕ್ಕಾ ಒಣಗಲಿ, ಆಮೇಲೆ ಏನು ಬೇಕಾದರೂ ಮಾಡಿ ಎನ್ನುತ್ತಾರೆ ಇವರು. ದಿಮ್ಮಿಯನ್ನು ಬಾವಿಯಲ್ಲೋ ಕೆರೆಯಲ್ಲೋ ತಿಂಗಳುಗಟ್ಟಲೆ ಮುಳುಗಿಸಿ ಆಮೇಲೆ ನೆರಳಿನಲ್ಲಿ ಒಟ್ಟುವುದು, ಹಲಗೆಗಳ ನಡುವೆ ಪಟ್ಟಿ ಕೊಟ್ಟು ಗಾಳಿಯಾಡಿಸುವುದು, ತುದಿಗೆ ಬಣ್ಣ ಬಳಿದು ಬೇಗ ಒಣಗದಂತೆ ನೋಡುವುದು ಇವೆಲ್ಲ ಇವರ ಶಾಸ್ತ್ರ. ಬರ್ಮಾದಲ್ಲಿ ಸಾಗವಾನಿಯ ಬುಡಕ್ಕೆ ಸುತ್ತ ಕಚ್ಚು ಹಾಕಿ, ನಿಂತಲ್ಲೇ ಎರಡು ಮೂರು ವರ್ಷ ಒಣಗಿಸಿ ಕಡಿಯುತ್ತಿದ್ದರು. ವಾಡೆ ಕೆಡವಿದಾಗ ಸಿಗುವ ಹಳೆ ತೊಲೆ, ಹಳೆ ಬಾಗಿಲಿಗೆ ಇರುವ ಬೇಡಿಕೆಯ ಗುಟ್ಟೂ ಇದೇ. ನೂರು ವರ್ಷ ಒಣಗಿದ್ದಕ್ಕೆ ಇನ್ನೇನು ಆಗಬೇಕಿದೆ ಎಂಬ ತರ್ಕ.

ಈ ತರ್ಕ ಮೊದಲ ವರ್ಷವನ್ನು ಚೆನ್ನಾಗಿ ವಿವರಿಸುತ್ತದೆ. ಹೊಸ ಪೆಟ್ಟಿಗೆ ಮೊದಲ ಬ್ಯಾಸಗಿಯಲ್ಲೇ ಸೀಳಿತೆಂದರೆ ಬಹುತೇಕ ಸಲ ಕಟ್ಟಿಗೆ ಹಸಿಯಿತ್ತು ಎಂದೇ ಅರ್ಥ. ಆದರೆ ಐದನೆಯ ವರ್ಷದಲ್ಲಿ ಸೀಳುವ ಪೆಟ್ಟಿಗೆಗೆ ಇವರಲ್ಲಿ ಉತ್ತರವಿಲ್ಲ. ಒಣಗುವುದು ಒಮ್ಮೆ ಮುಗಿದುಹೋಗುವ ಕೆಲಸವಲ್ಲ. ಹಳೆ ತೊಲೆಯಿಂದ ಕೊಯ್ದ ಹಲಗೆಯನ್ನು ಜುಲೈನಲ್ಲಿ ಅಳೆದು ಮೇ ತಿಂಗಳಲ್ಲಿ ಅಳೆದರೆ ಅಳತೆ ಬೇರೆಯೇ ಬರುತ್ತದೆ.

ಬಿಗಿದು ಕಟ್ಟುವವರು

ಎರಡನೆಯ ಪಂಗಡಕ್ಕೆ ಕಟ್ಟಿಗೆಯ ಹಟ ಗೊತ್ತು, ಅದನ್ನು ಮುರಿಯಬಹುದೆಂಬ ಧೈರ್ಯವೂ ಇದೆ. ದಪ್ಪ ಹಲಗೆ, ಅಡ್ಡಪಟ್ಟಿ, ಕಬ್ಬಿಣದ ಕಟ್ಟು, ಮೂಲೆಗೆ ಹಿತ್ತಾಳೆ ತಗಡು. ಹಿಂದೆ ಸರೇಸು ಇತ್ತು, 1959ರಲ್ಲಿ ಫೆವಿಕಾಲ್ ಬಂದ ಮೇಲೆ ಇವರ ಕೈಗೆ ಇನ್ನಷ್ಟು ಬಲ ಬಂತು. ಮನೆಮನೆಗಳಲ್ಲಿ ಮೂರು ತಲೆಮಾರು ಕಂಡ ಸಂದೂಕಗಳನ್ನೇ ಇವರು ಸಾಕ್ಷಿಗೆ ನಿಲ್ಲಿಸುತ್ತಾರೆ.

ಆ ಸಾಕ್ಷಿಯನ್ನು ಹತ್ತಿರದಿಂದ ನೋಡಬೇಕು. ಹಾಳಾಗದೆ ಉಳಿದ ಕಟ್ಟಿನ ಸಂದೂಕದ ಮುಚ್ಚಳ ಸಾಮಾನ್ಯವಾಗಿ ಒಂದೇ ಅಗಲ ಹಲಗೆಯಲ್ಲ. ನಾಲ್ಕೈದು ಇಂಚಿನ ಹಲಗೆಗಳನ್ನು ಅಂಟಿಲ್ಲದೆ ಮಗ್ಗುಲಿಗೆ ಮಗ್ಗುಲು ಇಟ್ಟು, ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟು, ಪ್ರತಿ ಹಲಗೆಗೂ ನಡುವೆ ಮಾತ್ರ ಮೊಳೆ ಬಡಿದು ತುದಿಯನ್ನು ಹಿಂದಕ್ಕೆ ಬಾಗಿಸಿರುತ್ತಾರೆ. ಪ್ರತಿ ಹಲಗೆ ತನ್ನ ಮೊಳೆಯ ಎರಡೂ ಬದಿಗೆ ಅರ್ಧರ್ಧ ಮಿ.ಮೀ. ಉಸಿರಾಡುತ್ತದೆ. ಒಟ್ಟು ಕುಗ್ಗುವಿಕೆ ನಾಲ್ಕಾರು ಸಂದುಗಳಲ್ಲಿ ಹಂಚಿಹೋಗುತ್ತದೆ. ಬಡಿದ ಕಬ್ಬಿಣದ ಮೊಳೆಯೂ ತುಸು ಬಾಗಿಕೊಡುತ್ತದೆ. ಬಿಗಿದಂತೆ ತೋರುವ ಪೆಟ್ಟಿಗೆ ನಿಜಕ್ಕೂ ಜಾಗ ಬಿಟ್ಟ ಪೆಟ್ಟಿಗೆಯೇ. ನಿಜವಾಗಿ ಬಿಗಿದವು, ಅಂದರೆ ಅಗಲ ಹಲಗೆಯನ್ನು ಅಂಟುಹಾಕಿ ಎರಡೂ ಅಂಚಿಗೆ ಮೊಳೆ ಬಡಿದವು, ಬಹುಪಾಲು ಒಲೆಗೆ ಹೋಗಿ ಬಹಳ ಕಾಲವಾಯಿತು. ಉಳಿದದ್ದನ್ನು ಮಾತ್ರ ಎಣಿಸಿದರೆ ಹೀಗೇ ಮೋಸ ಹೋಗುವುದು.

ಬಿಗಿಯುವುದರಲ್ಲಿ ಇನ್ನೊಂದು ಕಾಣದ ಅಪಾಯವಿದೆ, ನನ್ನ ಮಟ್ಟಿಗೆ ಈ ಇಡೀ ವಾದದ ತಿರುಳು ಅದೇ. ಕೊಡಲಿ ಕಾವು ಸಡಿಲಾದರೆ ರೈತರು ರಾತ್ರಿ ನೀರಿನಲ್ಲಿ ನೆನೆ ಹಾಕುತ್ತಾರೆ. ಬ್ಯಾಸಗಿಯಲ್ಲಿ ಹಳಿ ಸಡಿಲಾದ ಚಕ್ಕಡಿ ಗಾಲಿಯನ್ನು ಹಳ್ಳದ ನೀರಿನಲ್ಲಿ ನಿಲ್ಲಿಸುವುದೂ ಇದೇ ಉಪಾಯ. ಮರುದಿನ ಬಿಗಿಯಾಗುತ್ತದೆ. ಆದರೆ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ಕಾರಣ ಇಷ್ಟೆ: ಕಬ್ಬಿಣದ ತೂತಿನೊಳಗೆ ಹಿಗ್ಗಲು ಜಾಗವಿಲ್ಲದಾಗ ಕಟ್ಟಿಗೆಯ ಕೋಶಗಳು ತಮ್ಮನ್ನೇ ಅವುಚಿಕೊಂಡು ಜಜ್ಜಿಹೋಗುತ್ತವೆ. ಜಜ್ಜಿದ್ದು ವಾಪಸ್ ಬರುವುದಿಲ್ಲ. ಒಣಗಿದಾಗ ಆ ಕಾವು ಮೊದಲಿನ ಒಣ ಅಳತೆಗಿಂತ ಸಣ್ಣದಾಗಿರುತ್ತದೆ.

ಬಿಗಿದ ಮುಚ್ಚಳಕ್ಕೆ ಆಗುವುದೂ ಇದೇ. ಅದರ ಹಲಗೆ ಬ್ಯಾಸಗಿಯಲ್ಲಿ ಸೀಳಿದ್ದನ್ನು ಕಂಡು ಒಣಹವೆಯನ್ನು ಬಯ್ಯುತ್ತೇವೆ. ಅನೇಕ ಸಲ ತಪ್ಪು ನಡೆದದ್ದು ಹಿಂದಿನ ಶ್ರಾವಣದಲ್ಲಿ. ಆಗ ಹಿಗ್ಗಲು ಬಿಡದೆ ಹಲಗೆಯನ್ನು ಒಳಗೊಳಗೇ ಜಜ್ಜಿಸಿದ್ದೆವು, ಬ್ಯಾಸಗಿ ಆ ಸಾಲವನ್ನು ವಸೂಲಿ ಮಾಡಿತು ಅಷ್ಟೆ. ಎರಡು ಮೂರು ವರ್ಷ ಸುಮ್ಮನಿದ್ದ ಪೆಟ್ಟಿಗೆ ಒಮ್ಮೆಗೇ ಸೀಳುವುದಕ್ಕೆ ಒಣಗಿಸುವ ಪಂಗಡ ಕೊಡಲಾರದ ವಿವರಣೆಯನ್ನು ಇದು ಕೊಡುತ್ತದೆ.

ಜಾಗ ಬಿಡುವವರು

ಮೂರನೆಯ ಪಂಗಡದ್ದು ರಾಜಿ ಮಾರ್ಗ. ತಳದ ಹಲಗೆಯನ್ನು ಗೋಡೆಗಳ ಒಳಮೈಯಲ್ಲಿ ಕೊರೆದ ತೋಡಿನಲ್ಲಿ ಅಂಟಿಲ್ಲದೆ ಕೂಡಿಸು. ಅಂಟು ಬೇಕೇಬೇಕೆಂದರೆ ನಡುವೆ ಒಂದು ಚುಕ್ಕೆ ಹಾಕು, ಅಲುಗಾಟ ಎರಡೂ ಕಡೆ ಸಮನಾಗಿ ಹಂಚಲಿ. ಅಗಲ ಮುಚ್ಚಳಕ್ಕೆ ಚೌಕಟ್ಟು ಮಾಡಿ ಒಳಗೆ ಹಲಗೆಯನ್ನು ತೇಲಿಬಿಡು. ಅಡ್ಡಪಟ್ಟಿಗೆ ಸ್ಕ್ರೂ ಹಾಕುವುದಾದರೆ ನಡುವಿನ ತೂತು ದುಂಡಗಿರಲಿ, ಅಂಚಿನವು ಉದ್ದುದ್ದ ಇರಲಿ. ಪಾಲಿಶ್ ಅನ್ನು ಹಲಗೆ ಕೂಡಿಸುವ ಮೊದಲೇ ಮಾಡು, ಇಲ್ಲದಿದ್ದರೆ ಬ್ಯಾಸಗಿಯಲ್ಲಿ ಹಲಗೆ ಹಿಂದೆ ಸರಿದಾಗ ಅಂಚಿನಲ್ಲಿ ಬಣ್ಣ ಕಾಣದ ಬಿಳಿ ಗೆರೆ ಮೂಡುತ್ತದೆ.

ಇವರ ಮಾರ್ಗ ತಪ್ಪೆಂದು ಹೇಳುವವರು ಕಡಿಮೆ. ಆಕ್ಷೇಪ ಬರುವುದು ಬೇರೆ ಕಡೆಯಿಂದ. ಚೌಕಟ್ಟಿನ ಕೆಲಸಕ್ಕೆ ಕೂಲಿ ಹೆಚ್ಚು, ಕಟ್ಟಿಗೆ ಹೆಚ್ಚು. ಜೊತೆಗೆ ಸಡಿಲ ಹಲಗೆ ಎಲ್ಲ ಪೆಟ್ಟಿಗೆಗೂ ಒಗ್ಗದು. ಹಾರ್ಮೋನಿಯಂ ಕೂಡ ಒಂದು ಪೆಟ್ಟಿಗೆಯೇ. ಅದರ ಸ್ವರಪಟ್ಟಿ ಕೂತ ಹಲಗೆ ಕೂದಲೆಳೆಯಷ್ಟು ಬಿಟ್ಟರೂ ಗಾಳಿ ಸೋರುತ್ತದೆ. ಅಲ್ಲಿ ಹಲಗೆ ತೇಲಲಿ ಎನ್ನುವಂತಿಲ್ಲ, ಸರಿಯಾಗಿ ಕೊಯ್ದ ಕಟ್ಟಿಗೆ ಆರಿಸುವುದೊಂದೇ ದಾರಿ. ಕುಂಕುಮದ ಡಬ್ಬಿ, ಆಭರಣದ ಸಣ್ಣ ಪೆಟ್ಟಿಗೆಗೆ ಈ ಉಸಾಬರಿಯೇ ಬೇಕಿಲ್ಲ. ನಾಲ್ಕು ಇಂಚು ಅಗಲದಲ್ಲಿ ವರ್ಷದ ಏರಿಳಿತ ಸುಮಾರು ಒಂದು ಮಿ.ಮೀ., ನೆಟ್ಟ ಉಂಗುರದ ಹಲಗೆಯಾದರೆ ಅದರ ಅರ್ಧ. ಅಷ್ಟನ್ನು ಅಂಟೂ ಕಟ್ಟಿಗೆಯೂ ಸೇರಿ ನುಂಗಿಕೊಳ್ಳುತ್ತವೆ.

ಎಣ್ಣೆ, ಪಾಲಿಶ್, ಪ್ಲೈವುಡ್

ಕಟ್ಟಿಗೆಯ ಬಾಯಿ ಮುಚ್ಚಿಬಿಟ್ಟರೆ ನೀರಿನ ಹೋಗುಬರುವೇ ಇರುವುದಿಲ್ಲ ಎನ್ನುವ ಪಂಗಡಕ್ಕೆ ಈ ಜಿಲ್ಲೆಯಲ್ಲಿ ಮನೆಮದ್ದೇ ಇದೆ. ಚಟ್ನಿಪುಡಿಗೆ ಬೆಳೆಯುವ ಅಗಸೆಯ ಎಣ್ಣೆಯೇ ಕಟ್ಟಿಗೆಗೆ ಹಚ್ಚುವ ಹಳೆಯ ಎಣ್ಣೆ. ಆದರೆ ನೀರಾವಿಯನ್ನು ತಡೆಯುವುದರಲ್ಲಿ ಅದು ತೀರಾ ದುರ್ಬಲ. ಅರಗಿನ ಪಾಲಿಶ್, ವಾರ್ನಿಶ್ ಅದಕ್ಕಿಂತ ಮೇಲು, ಆದರೂ ಯಾವುದೂ ಪೂರ್ತಿ ತಡೆಯದು, ನಿಧಾನ ಮಾಡುತ್ತದೆ ಅಷ್ಟೆ. ನಾಲ್ಕು ದಿನದ ಮಳೆಯನ್ನು ಕಟ್ಟಿಗೆಗೆ ಗೊತ್ತಾಗದಂತೆ ದಾಟಿಸೀತು, ನಾಲ್ಕು ತಿಂಗಳ ಬ್ಯಾಸಗಿಯನ್ನಲ್ಲ. ಹೊರಮೈಗೆ ಮಾತ್ರ ಬಳಿದು ಒಳಮೈ ಬಿಡುವುದಂತೂ ಏನೂ ಬಳಿಯದಿರುವುದಕ್ಕಿಂತ ಕೆಟ್ಟದ್ದು. ಒಂದು ಮೈ ಬೇಗ, ಇನ್ನೊಂದು ತಡವಾಗಿ ಒಣಗಿ ಮುಚ್ಚಳ ಬಾಗುತ್ತದೆ.

ಪ್ಲೈವುಡ್ ಪದರಗಳ ನಾರನ್ನು ಅಡ್ಡಡ್ಡ ಅಂಟಿಸಿ ಸಮಸ್ಯೆಯನ್ನೇ ಅಳಿಸಿತು. ತಗಡಿನ ಟ್ರಂಕು ಅದಕ್ಕೂ ಮೊದಲೇ ಬಂದು ದುಡಿಯಲು ಗೋವೆಗೆ, ಪುಣೆಗೆ ಹೋಗುವವರ ಜೊತೆ ಬಸ್ಸು ಹತ್ತಿತ್ತು. ಇಂದಿನ ಬಹುತೇಕ ಅಂಗಡಿಗಳು ಗೋಡೆಗೆ ಇಡೀ ಕಟ್ಟಿಗೆ, ತಳಕ್ಕೆ ಪ್ಲೈವುಡ್ ಹಾಕಿ ವಾದದಿಂದ ಜಾರಿಕೊಳ್ಳುತ್ತವೆ. ಜಾಣತನವೇ. ಕಟ್ಟಿಗೆಯ ಪೆಟ್ಟಿಗೆ ಬೇಕೆಂದೇ ಬಂದವನಿಗೆ ಮಾತ್ರ ಅದು ಉತ್ತರವಲ್ಲ.

ತಿಂಗಳ ಲೆಕ್ಕ

ಈ ಪಂಗಡಗಳು ಎಷ್ಟು ಒಣಗಿಸಬೇಕು, ಎಷ್ಟು ಬಿಗಿಯಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಕೇಳುತ್ತವೆ. ನಮ್ಮ ಸೀಮೆಗೆ ಮೊದಲ ಪ್ರಶ್ನೆ ಯಾವಾಗ ಎಂಬುದು. ತೋಡಿನಲ್ಲಿ ಬಿಡುವ ಜಾಗಕ್ಕೆ ಒಂದು ಖಾಯಂ ಅಂಕಿ ಇರಲಾರದು. ಮೇ ತಿಂಗಳಲ್ಲಿ ಮಾಡುವ ಪೆಟ್ಟಿಗೆಯ ಹಲಗೆ ಆಗಲೇ ತನ್ನ ಕನಿಷ್ಠ ಅಗಲದಲ್ಲಿದೆ, ಇನ್ನು ಹಿಗ್ಗುವುದಷ್ಟೇ ಬಾಕಿ. ಅದಕ್ಕೆ ಹದಿನೆಂಟು ಇಂಚಿಗೆ ಐದು ಮಿ.ಮೀ. ಪೂರ್ತಿ ಬಿಡಬೇಕು. ಆಗಸ್ಟ್‌ನಲ್ಲಿ ಮಾಡುವ ಪೆಟ್ಟಿಗೆಯ ಹಲಗೆ ಉಬ್ಬಿ ನಿಂತಿದೆ, ಅದನ್ನು ತೋಡಿನೊಳಗೆ ಬಿಗಿಯಾಗಿಯೇ ಕೂಡಿಸಬಹುದು. ಅಲ್ಲಿ ನೋಡಬೇಕಾದ್ದು ತೋಡಿನ ಆಳ, ಬ್ಯಾಸಗಿಯಲ್ಲಿ ಹಲಗೆಯ ಅಂಚು ಹೊರಗೆ ಜಾರಿ ಬೀಳಬಾರದು. ಒಂದೇ ಜಾಗವನ್ನು ಎರಡಕ್ಕೂ ಬಿಟ್ಟರೆ ಮೇ ಪೆಟ್ಟಿಗೆ ಮೂಲೆ ಬಿಚ್ಚುತ್ತದೆ, ಇಲ್ಲವೇ ಆಗಸ್ಟ್ ಪೆಟ್ಟಿಗೆಯ ತಳ ಗಲಗಲ ಎನ್ನುತ್ತದೆ.

ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂಬುದೂ ಇದೇ ಲೆಕ್ಕದ ಮುಂದಿನ ಸಾಲು. ವಿಜಯಪುರದ ಬ್ಯಾಸಗಿಯಲ್ಲಿ ಮಾಡಿ ಮಂಗಳೂರಿಗೋ ಶಿರಸಿಗೋ ಕಳಿಸಿದ ಪೆಟ್ಟಿಗೆಯ ಮುಚ್ಚಳ ಜುಲೈನಲ್ಲಿ ತೆರೆಯಲೇ ಬರದಂತೆ ಕೂತುಬಿಡಬಹುದು. ಅಲ್ಲಿಂದ ಇಲ್ಲಿಗೆ ಬಂದದ್ದು ಮೊದಲ ಏಪ್ರಿಲ್‌ನಲ್ಲೇ ಸಡಿಲಾದೀತು.

ಇನ್ನೂ ಇತ್ಯರ್ಥವಾಗದ್ದು

ಕುಗ್ಗುವಿಕೆಯ ಪ್ರಮಾಣಗಳನ್ನು ನಾವು ಪುಸ್ತಕದಿಂದ ಎತ್ತಿಕೊಳ್ಳುತ್ತೇವೆ. ಈಗ ಅಡ್ಡೆಗಳಿಗೆ ಬರುವ ಸಾಗವಾನಿಯಲ್ಲಿ ದೊಡ್ಡ ಪಾಲು ಘಾನಾದಂಥ ದೇಶಗಳ ತೋಪಿನದು. ಬೇಗ ಬೆಳೆದ ಎಳೆ ಮರ, ಬಿಳಿ ಭಾಗ ಹೆಚ್ಚು. ತಿರುಳಿನ ಹತ್ತಿರದ ಎಳೆ ಕಟ್ಟಿಗೆ ನಾರಿನ ಉದ್ದಕ್ಕೂ ಸಹ ತುಸು ಕುಗ್ಗಬಲ್ಲದು, ಆಗ ‘ಉದ್ದ ಬದಲಾಗದು’ ಎಂಬ ನಮ್ಮ ಆಧಾರವೇ ಅಲ್ಲಾಡುತ್ತದೆ. ಹಳೆಯ ಅಂಕಿ ಈ ಮರಕ್ಕೆ ಎಷ್ಟು ಹೊಂದುತ್ತದೆ ಎಂಬುದು ಪ್ರತಿ ಲಾಟಿಗೂ ಬೇರೆ.

ಹಳೆ ಕಟ್ಟಿಗೆಯ ಬಗೆಗಿನ ಹಿರಿಯರ ನಂಬಿಕೆಯನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ನೂರಾರು ವರ್ಷ ಕಳೆದ ಮರ ನೀರು ಹೀರುವುದು ಕಡಿಮೆ ಎಂದು ಕೆಲವು ಅಧ್ಯಯನಗಳು, ಹೊಸದಕ್ಕೂ ಅದಕ್ಕೂ ಗಮನಾರ್ಹ ವ್ಯತ್ಯಾಸವಿಲ್ಲ ಎಂದು ಇನ್ನು ಕೆಲವು ಹೇಳಿವೆ. ಮರದ ಜಾತಿ, ಅದು ಕಳೆದ ಜಾಗ ಎಲ್ಲ ಸೇರಿ ಚಿತ್ರ ಕಲಸಿಹೋಗಿದೆ.

ಎಲ್ಲಕ್ಕಿಂತ ತೊಡಕಿನದು ಮನೆಯೊಳಗಿನ ಗಾಳಿ. ಬಬಲೇಶ್ವರ, ಟಿಕೋಟಾ ಭಾಗದಲ್ಲಿ ಏತ ನೀರಾವರಿಯ ನೀರು ಕೆರೆ ತುಂಬಿಸಿದೆ, ತೋಟ ಹೆಚ್ಚಿವೆ. ಅದರಿಂದ ಮನೆಯೊಳಗಿನ ಹಲಗೆಗೆ ತಿಳಿಯುವಷ್ಟು ತೇವ ಬಂದಿದೆಯೇ ಎಂಬುದು ಒಂದು ಪ್ರಶ್ನೆ. ಅದಕ್ಕಿಂತ ಹತ್ತಿರದ್ದು ಕೂಲರ್. ಹುಲ್ಲಿನ ಪರದೆಗೆ ನೀರು ಹರಿಸಿ ಗಾಳಿ ಬಿಡುವ ಈ ಯಂತ್ರ ಏಪ್ರಿಲ್, ಮೇ ತಿಂಗಳಲ್ಲಿ ನಗರದ ಕೋಣೆಗಳನ್ನು ಮಳೆಗಾಲದಷ್ಟೇ ತೇವ ಮಾಡುತ್ತದೆ. ಪಕ್ಕದ ಕೋಣೆ ಆಗ ಒಣಗಿ ಕಾದಿರುತ್ತದೆ. ಕೂಲರಿನೆದುರು ಇಟ್ಟ ಸಂದೂಕ ಮೇ ತಿಂಗಳಲ್ಲಿ ಹಿಗ್ಗಿ, ಕೂಲರ್ ನಿಲ್ಲಿಸಿದ ಮೇಲೆ ಮುಂಗಾರು ಬಲಿಯುವವರೆಗೆ ಕುಗ್ಗಿ, ಶ್ರಾವಣದಲ್ಲಿ ಮತ್ತೆ ಹಿಗ್ಗಬಹುದು. ವರ್ಷಕ್ಕೆ ಒಂದು ಏರಿಳಿತ ಇದ್ದಲ್ಲಿ ಎರಡಾದರೆ ತಿಂಗಳು ನೋಡಿ ಜಾಗ ಬಿಡುವ ಲೆಕ್ಕವನ್ನು ಯಾವ ಕೋಣೆಯ ಪಂಚಾಂಗಕ್ಕೆ ಹೊಂದಿಸಬೇಕು, ಗಿರಾಕಿ ಸಂದೂಕವನ್ನು ಮನೆಯ ಯಾವ ಮೂಲೆಯಲ್ಲಿ ಇಡುತ್ತಾನೆಂದು ಬಡಿಗ ಮೊದಲೇ ಕೇಳಿಕೊಳ್ಳಬೇಕೇ ಎಂಬುದನ್ನು ಮೇಲಿನ ಯಾವ ಪಂಗಡವೂ ಇನ್ನೂ ಕೈಗೆತ್ತಿಕೊಂಡಿಲ್ಲ.